ಅಂಗಳದಲ್ಲಿ ತಪಸಿ ಮರ ನೆಡ್ತೀರಾ? ಮೊದಲು ಜಾಗ ಅಳೆಯಿರಿ: ಎಲ್ಮ್ ಜಾತಿಯ ಮರ ಬೆಳೆಸುವವರಿಗೆ ಪೂರ್ತಿ ಮಾಹಿತಿ

ತುಮಕೂರು: ಮುಂಗಾರು ಶುರುವಾಯ್ತು ಅಂದ್ರೆ ಮನೆ ಮುಂದೆ ಒಂದು ಗಿಡ ನೆಡಬೇಕು ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ಹೊಂಗೆ, ಬೇವು, ಮಾವು ಎಲ್ಲರಿಗೂ ಗೊತ್ತು. ಈಗ ನರ್ಸರಿಗೆ ಹೋದ್ರೆ ‘ಎಲ್ಮ್’ ಅನ್ನೋ ಹೆಸರೂ ಕಿವಿಗೆ ಬೀಳುತ್ತೆ. ಪುಟ್ಟ ಕುಂಡದಲ್ಲಿ ದೊಡ್ಡ ಮರದ ಹಾಗೆ ಕಾಣೋ ಚೈನೀಸ್ ಎಲ್ಮ್ ಬೋನ್ಸಾಯ್ ನೋಡಿ ಆಸೆಪಟ್ಟು ತಂದವರು ಇದ್ದಾರೆ. ಆದ್ರೆ ನಮ್ಮ ನೆಲದ್ದೇ ಒಂದು ಎಲ್ಮ್ ಇದೆ, ಅದು ನಮ್ಮ ಊರುಗಳಲ್ಲೇ ಬೆಳೆಯುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ತಪಸಿ ಮರ.

ಈ ಮರದ ಬಗ್ಗೆ ಬರೆಯೋಕೆ ಒಂದು ಕಾರಣ ಇದೆ. ಗುಬ್ಬಿ ಕಡೆ ನಮ್ಮ ಮನೆ ಅಂಗಳದಲ್ಲೇ ಒಂದು ತಪಸಿ ಮರ ಇದೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ತಂದು ನೆಟ್ಟಿದ್ದು. ಕಾಂಪೌಂಡ್ ಗೋಡೆಯಿಂದ ಬರೀ 5 ಅಡಿ ದೂರ. ಹತ್ತು ವರ್ಷಕ್ಕೆ ಗೋಡೆ ಬಿರುಕು ಬಿಡ್ತು. ಮರ ಕಡಿಯುವವರನ್ನು ಕರೆಸಿ ಆಳೆತ್ತರಕ್ಕೆ ಬೋಳಿಸಿದ್ವಿ. ಮುಂದಿನ ಮಳೆಗೆ ಪೊರಕೆ ಕಡ್ಡಿ ಹಾಗೆ ಹತ್ತಾರು ಚಿಗುರು ಎದ್ದವು, ಅವೇ ದಪ್ಪ ಕೊಂಬೆ ಆದವು. ಮೂರು ವರ್ಷದ ಹಿಂದೆ ಏಪ್ರಿಲ್ ತಿಂಗಳ ಗಾಳಿಮಳೆಗೆ ಅದರಲ್ಲಿ ಒಂದು ಕೊಂಬೆ ಬುಡದಿಂದಲೇ ಕಿತ್ತು ಕೊಟ್ಟಿಗೆ ಶೀಟ್ ಮೇಲೆ ಬಿತ್ತು. ಹಸು ಹೊರಗೆ ಕಟ್ಟಿತ್ತು, ಬಚಾವಾಯ್ತು. ಅವತ್ತು ಪೂರ್ತಿ ಕಡಿಸಿಬಿಡೋಣ ಅಂತ ಅಪ್ಪ, ನಾನು ಇಬ್ರೂ ಅಂದ್ವಿ. ಅಮ್ಮ ಮಾತ್ರ ಒಪ್ಪಲಿಲ್ಲ. ‘ನೆರಳು ಬೇಕು ಅಂದಾಗ ನೆಟ್ರಿ, ಬೇಡ ಅಂದಾಗ ಕಡಿದ್ರಿ. ಅದೇನು ಛತ್ರಿನಾ, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚೋಕೆ?’ ಅಂತ ಕೇಳಿದ್ರು.

ತಪ್ಪು ಮರದ್ದಲ್ಲ, ನಮ್ಮದು. ಜಾಗ ನೋಡದೆ ನೆಟ್ವಿ, ಎಳೆಯದಾಗಿದ್ದಾಗ ಸವರಲಿಲ್ಲ, ದೊಡ್ಡದಾದ ಮೇಲೆ ಬೋಳಿಸಿದ್ವಿ. ಎಲ್ಮ್ ಜಾತಿಯ ಮರಕ್ಕೆ ಅದು ಬದುಕುವ ಅಷ್ಟೂ ವರ್ಷದ ಹಣೆಬರಹ ಮೊದಲ ದಿನದ ಜಾಗದಲ್ಲಿ, ಮೊದಲ ಐದು ವರ್ಷದ ಆರೈಕೆಯಲ್ಲಿ ತೀರ್ಮಾನ ಆಗುತ್ತೆ. ಆ ತಪ್ಪು ನೀವು ಮಾಡಬಾರದು ಅಂತ ಈ ಮಾಹಿತಿ.

ಎಲ್ಮ್ ಅಂದ್ರೆ ಯಾವ ಮರ?

ಎಲ್ಮ್ ಅನ್ನೋದು ಒಂದೇ ಮರದ ಹೆಸರಲ್ಲ, ಒಂದು ಗುಂಪಿನ ಹೆಸರು. ಸಸ್ಯಶಾಸ್ತ್ರದಲ್ಲಿ ಅಸಲಿ ಎಲ್ಮ್‌ಗಳನ್ನು ‘ಅಲ್ಮಸ್’ ಅಂತ ಕರೆಯುತ್ತಾರೆ. ಯುರೋಪ್, ಅಮೆರಿಕ, ಚೀನಾ, ಜಪಾನ್, ನಮ್ಮ ಹಿಮಾಲಯದಲ್ಲಿ ಇವು ಬೆಳೆಯುತ್ತವೆ. ಇಂಗ್ಲೆಂಡ್, ಅಮೆರಿಕದಲ್ಲಿ ಒಂದು ಕಾಲಕ್ಕೆ ರಸ್ತೆ ಬದಿ, ತೋಟ, ಪಾರ್ಕ್ ಎಲ್ಲ ಕಡೆ ಇದೇ ಮರ ಇತ್ತು.

ನಮ್ಮ ತಪಸಿ ಇದೇ ಕುಟುಂಬದ ಸಂಬಂಧಿ. ವೈಜ್ಞಾನಿಕ ಹೆಸರು ಹೊಲೊಪ್ಟೀಲಿಯಾ ಇಂಟೆಗ್ರಿಫೋಲಿಯಾ. ಇದರಲ್ಲಿ ‘ಪ್ಟೀಲಿಯಾ’ ಅಂದ್ರೆ ಗ್ರೀಕ್ ಭಾಷೆಯಲ್ಲಿ ಎಲ್ಮ್ ಅಂತಲೇ ಅರ್ಥ. ಇಂಗ್ಲಿಷ್‌ನಲ್ಲಿ ಇಂಡಿಯನ್ ಎಲ್ಮ್ ಅಂತಾರೆ. ಕನ್ನಡದಲ್ಲಿ ತಪಸಿ, ಕೆಲವು ಕಡೆ ರಾಹುಬೀಜ ಅನ್ನೋ ಹೆಸರೂ ಇದೆ. ಹಿಂದಿಯಲ್ಲಿ ಚಿಲ್‌ಬಿಲ್, ಮರಾಠಿಯಲ್ಲಿ ವಾವಳ, ಆಯುರ್ವೇದದಲ್ಲಿ ಚಿರಬಿಲ್ವ.

ಹಾಗಾಗಿ ನಮ್ಮ ಬಯಲುಸೀಮೆಯವರಿಗೆ ಎರಡು ದಾರಿ. ಜಾಗ ಧಾರಾಳವಾಗಿ ಇದ್ರೆ ತಪಸಿ. ಜಾಗ ಕಮ್ಮಿ ಇದ್ರೆ ಕುಂಡದಲ್ಲಿ ಚೈನೀಸ್ ಎಲ್ಮ್. ಮೊಬೈಲ್‌ನಲ್ಲಿ ಬಂಗಾರದ ಬಣ್ಣದ ಎಲೆಯ ಗೋಲ್ಡನ್ ಎಲ್ಮ್, ಕೊಂಬೆ ನೆಲಕ್ಕೆ ಇಳಿಬಿಡೋ ಕ್ಯಾಂಪರ್‌ಡೌನ್ ಎಲ್ಮ್ ಫೋಟೋ ನೋಡಿ ಆಸೆ ಪಡಬೇಡಿ. ಕ್ಯಾಂಪರ್‌ಡೌನ್ ಎಲ್ಮ್ ಮೂಲತಃ ಸ್ಕಾಟ್ಲೆಂಡಿನ ಡಂಡೀ ಊರಿನ ಹತ್ತಿರ ಹುಟ್ಟಿದ್ದು, ಕಸಿ ಕಟ್ಟಿಯೇ ಬೆಳೆಸಬೇಕು. ಎರಡೂ ಚಳಿ ದೇಶದ ಗಿಡಗಳು, ನಮ್ಮ ಬೇಸಿಗೆಗೆ ಹೊಂದಲ್ಲ.

ತಪಸಿ ಮರ ಗುರುತಿಸೋದು ಹೇಗೆ?

- ಎತ್ತರ: ಚೆನ್ನಾಗಿ ಬೆಳೆದರೆ 50ರಿಂದ 80 ಅಡಿ. ಹರವು ಕೂಡ ಅಗಲ.
- ತೊಗಟೆ: ಬೂದು ಬಣ್ಣ. ಹಳೆಯದಾದಂತೆ ಚಕ್ಕೆ ಚಕ್ಕೆಯಾಗಿ ಏಳುತ್ತೆ.
- ಎಲೆ: ಒಂದು ಗೇಣಿಗಿಂತ ಚಿಕ್ಕದು, ಅಂಡಾಕಾರ, ತುದಿ ಚೂಪು. ಕೈಯಲ್ಲಿ ಹಿಸುಕಿದ್ರೆ ಕೆಟ್ಟ ವಾಸನೆ ಬರುತ್ತೆ. ಇದು ಸುಲಭದ ಗುರುತು.
- ಹೂವು: ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಬೋಳು ಕೊಂಬೆಗೆ ಪುಟ್ಟ ಹಸಿರು ಹೂ ಗೊಂಚಲು. ಹತ್ತಿರ ಹೋಗಿ ನೋಡಿದ್ರೆ ಮಾತ್ರ ಕಾಣುತ್ತೆ.
- ಕಾಯಿ: ಇದೇ ಮರದ ಚೆಂದ. ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಕಾಗದದ ಹಾಗೆ ತೆಳ್ಳಗಿನ ದುಂಡು ರೆಕ್ಕೆ, ನಡುವೆ ಒಂದು ಬೀಜ. ಫೆಬ್ರವರಿ, ಮಾರ್ಚ್‌ನಲ್ಲಿ ಮರದ ತುಂಬ ತಿಳಿಹಸಿರು ಗೊಂಚಲು. ದೂರದಿಂದ ನೋಡಿದವರು ಹೊಸ ಚಿಗುರು ಅಂದ್ಕೊಳ್ತಾರೆ. ಒಣಗಿದ ಮೇಲೆ ಗಾಳಿಗೆ ತಿರುಗುತ್ತಾ ಬೀಳುತ್ತೆ.

ಹಳ್ಳಿ ಮಕ್ಕಳು ರೆಕ್ಕೆ ಸುಲಿದು ಒಳಗಿನ ಬೀಜ ತಿನ್ನೋದುಂಟು. ನಾವೂ ತಿಂದಿದ್ದೀವಿ. ಮರದ ಕಟ್ಟಿಗೆ ಹಗುರ, ತಿಳಿ ಹಳದಿ. ಗಾಡಿ ಸಾಮಾನು, ಆಟಿಕೆ, ಬಾಚಣಿಗೆಗೆ ಬಳಸುತ್ತಾರೆ. ತೇಗದ ಹಾಗೆ ದುಡ್ಡು ತರೋ ಮರ ಅಲ್ಲ. ನೆರಳಿಗೆ, ಅಂದಕ್ಕೆ, ಹಕ್ಕಿಗೆ ಅಂತ ಬೆಳೆಸಬೇಕು.

ಜಾಗ ಎಷ್ಟು ಬೇಕು?

ಸಸಿ ತರೋ ಮುಂಚೆ ಟೇಪ್ ಹಿಡಿದು ಅಳೆಯಿರಿ.

- ಮನೆ ಗೋಡೆ, ಕಾಂಪೌಂಡ್, ಸಂಪು, ಸೆಪ್ಟಿಕ್ ಟ್ಯಾಂಕ್: ಕಮ್ಮಿ ಅಂದ್ರೂ 30 ಅಡಿ ದೂರ.
- ಕರೆಂಟ್ ತಂತಿ: ಕೆಳಗೆ ಬೇಡವೇ ಬೇಡ. ಇವತ್ತು ಸಸಿ ಮೊಣಕಾಲೆತ್ತರ ಇದೆ ಅಂತ ಮೋಸ ಹೋಗಬೇಡಿ.
- ಇನ್ನೊಂದು ದೊಡ್ಡ ಮರ: 30 ಅಡಿ ಅಂತರ. ತಪಸಿಗೆ ಬಿಸಿಲು ಬೇಕು. ನೆರಳಲ್ಲಿ ನೆಟ್ರೆ ಬೆಳಕು ಹುಡುಕ್ಕೊಂಡು ಒಂದು ಕಡೆಗೆ ವಾಲುತ್ತೆ.
- ತೆಂಗಿನ ಸಾಲಿನ ನಡುವೆ ಬೇಡ. ತೋಟದ ಬೇಲಿ ಮೂಲೆ, ಹೊಲದ ಬದು, ಕಣದ ಪಕ್ಕ ಆದ್ರೆ ಒಳ್ಳೆಯದು.

30X40 ಸೈಟಿನಲ್ಲಿ ಮನೆ ಕಟ್ಟಿದವರಿಗೆ ತಪಸಿ ಆಗಲ್ಲ. ನೇರವಾಗಿ ಹೇಳಬೇಕು ಅಂದ್ರೆ ಹೀಗೇ ಹೇಳಬೇಕು. ಅಂಥವರು ಶಾಲೆ ಆವರಣ, ದೇವಸ್ಥಾನದ ಬಯಲು, ಕೆರೆ ಏರಿಯ ಕೆಳಗಿನ ಖಾಲಿ ಜಾಗ ನೋಡಿ, ಅಲ್ಲಿಯವರ ಒಪ್ಪಿಗೆ ಪಡೆದು ನೆಡಬಹುದು. ಏರಿಯ ಮೇಲೆ ಮಾತ್ರ ನೆಡಬಾರದು. ಬೇರು ಏರಿಯನ್ನು ಸಡಿಲ ಮಾಡುತ್ತೆ.

ಮಣ್ಣಿನ ವಿಷಯದಲ್ಲಿ ತಪಸಿಗೆ ತಕರಾರು ಇಲ್ಲ. ನಮ್ಮ ಕಡೆಯ ಕೆಂಪು ಮಣ್ಣು, ಗರಸು ಮಿಶ್ರಿತ ಮಣ್ಣು ಎರಡರಲ್ಲೂ ಬರುತ್ತೆ. ನೀರು ನಿಲ್ಲೋ ತಗ್ಗು ಮಾತ್ರ ಆಗಲ್ಲ.

ಬೀಜದಿಂದ ಸಸಿ ಮಾಡೋದು

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದಲ್ಲಿ ರಿಯಾಯಿತಿ ದರಕ್ಕೆ ಸಸಿ ಕೊಡುತ್ತಾರೆ. ತಪಸಿ ಇದೆಯಾ ಅಂತ ಹೆಸರು ಹೇಳಿ ಕೇಳಿ. ಇಲ್ಲ ಅಂದ್ರೆ ಮನೆಯಲ್ಲೇ ಮಾಡಬಹುದು. ಖರ್ಚಿಲ್ಲ.

1. ಏಪ್ರಿಲ್, ಮೇ ತಿಂಗಳಲ್ಲಿ ಮರದ ಕೆಳಗೆ ಬಿದ್ದ ಕಂದು ಬಣ್ಣದ ಒಣ ಕಾಯಿ ಆರಿಸಿ. ಹಸಿರು ಕಾಯಿ ಕೀಳಬೇಡಿ.
2. ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಬೀಜ ಸಿಗಬೇಕು. ಬರೀ ಜೊಳ್ಳು ಇದ್ರೆ ಬಿಸಾಡಿ.
3. ಆರಿಸಿದ ಕೆಲವೇ ದಿನದಲ್ಲಿ ಬಿತ್ತಿ. ಮುಂದಿನ ವರ್ಷಕ್ಕೆ ಅಂತ ಡಬ್ಬದಲ್ಲಿ ಇಟ್ರೆ ಮೊಳಕೆ ಶಕ್ತಿ ಹೋಗುತ್ತೆ.
4. ಕೆಂಪು ಮಣ್ಣು, ಮರಳು, ಕಳಿತ ಗೊಬ್ಬರ ಸಮ ಪಾಲು ಬೆರೆಸಿದ ಪಾತಿಯಲ್ಲಿ ಅಥವಾ ಟ್ರೇಯಲ್ಲಿ ಬೀಜ ಮಲಗಿಸಿ, ಮೇಲೆ ಅರ್ಧ ಬೆರಳು ದಪ್ಪ ಮಣ್ಣು ಉದುರಿಸಿ. ಆಳಕ್ಕೆ ಹೂಳಬೇಡಿ.
5. ಪೂವಾಳಿ ಡಬ್ಬದಲ್ಲಿ ನೀರು ಚಿಮುಕಿಸಿ. ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತೆ.
6. ನಾಲ್ಕು ಎಲೆ ಬಂದ ಮೇಲೆ ಪಾಲಿಥಿನ್ ಚೀಲಕ್ಕೆ ಬದಲಿಸಿ. ಒಂದು ವರ್ಷ ಚೀಲದಲ್ಲಿ ಬೆಳೆಸಿ, ಮುಂದಿನ ಮುಂಗಾರಿಗೆ ನೆಡಿ.

ನರ್ಸರಿಯಲ್ಲಿ ಕೊಳ್ಳುವವರು ಎತ್ತರ ನೋಡಿ ಮಾರುಹೋಗಬೇಡಿ. ಚೀಲದಲ್ಲಿ ವರ್ಷಗಟ್ಟಲೆ ಕೂತ ಸಸಿಯ ಬೇರು ಒಳಗೇ ಸುರುಳಿ ಸುತ್ತಿರುತ್ತೆ. ಎರಡು ಅಡಿ ಎತ್ತರದ, ನೇರ ಕಾಂಡದ, ಒಂದೇ ತುದಿ ಇರೋ ಸಸಿ ಸಾಕು.

ನೆಡೋ ವಿಧಾನ

ಮೇ ತಿಂಗಳಲ್ಲೇ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿ ಹದಿನೈದು ದಿನ ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ತಳದ ಮಣ್ಣು ಇನ್ನೊಂದು ಕಡೆ ಹಾಕಿ. ಎರಡು ಮೂರು ಹದ ಮಳೆ ಆದ ಮೇಲೆ ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಗುಂಡಿ ತುಂಬಿ.

ಹಸಿ ಸಗಣಿ ಹಾಕಬೇಡಿ, ಗೆದ್ದಲು ಬರುತ್ತೆ. ಪಾಲಿಥಿನ್ ಚೀಲ ಪೂರ್ತಿ ಹರಿದು ತೆಗೆಯಿರಿ. ಇದನ್ನ ಹೇಳಬೇಕಾ ಅಂತ ಅನ್ನಿಸಬಹುದು. ಆದ್ರೆ ಕಾರ್ಯಕ್ರಮ ಮಾಡಿ ನೆಟ್ಟ ಸಸಿಗಳನ್ನು ಒಣಗಿದ ಮೇಲೆ ಕಿತ್ತು ನೋಡಿದಾಗ ಚೀಲ ಹಾಗೇ ಇದ್ದದ್ದನ್ನು ನಾನೇ ನೋಡಿದ್ದೀನಿ. ಸುತ್ತಿಕೊಂಡ ಬೇರು ಕಂಡ್ರೆ ಬ್ಲೇಡಿನಲ್ಲಿ ಕತ್ತರಿಸಿ ಬಿಡಿಸಿ.

ಚೀಲದಲ್ಲಿ ಎಷ್ಟು ಆಳಕ್ಕೆ ಮಣ್ಣು ಇತ್ತೋ ಅಷ್ಟೇ ಆಳಕ್ಕೆ ನೆಡಿ. ಕಾಂಡದ ಬುಡಕ್ಕೆ ಮಣ್ಣು ಗುಡ್ಡೆ ಹಾಕಬೇಡಿ. ಸುತ್ತ 3 ಅಡಿ ಅಗಲ ಪಾತಿ ಮಾಡಿ. ಗಾಳಿ ಜಾಸ್ತಿ ಇರೋ ಕಡೆ ಒಂದು ಬಿದಿರು ಕೋಲು ಊರಿ, ಹಳೇ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ, ತಂತಿ ಬೇಡ, ಕಾಂಡ ದಪ್ಪ ಆದಂಗೆ ಕೊರೆಯುತ್ತೆ. ಕೋಲು ಒಂದು ವರ್ಷಕ್ಕೆ ತೆಗೆದುಬಿಡಿ. ಗಾಳಿಗೆ ಅಲ್ಲಾಡಿದ್ರೆನೇ ಕಾಂಡ ಗಟ್ಟಿಯಾಗೋದು.

ಮೇಕೆ, ಹಸು ಬಾಯಿ ಹಾಕದಂತೆ ಮುಳ್ಳು ಬೇಲಿ ಕಡ್ಡಾಯ.

ಮೊದಲ ಮೂರು ವರ್ಷ: ನೀರು ಮತ್ತು ಹೊದಿಕೆ

- ಮೊದಲ ವರ್ಷ: ಮಳೆ ಇಲ್ಲದಾಗ ಮೂರ್ನಾಲ್ಕು ದಿನಕ್ಕೊಮ್ಮೆ ಎರಡು ಬಿಂದಿಗೆ.
- ಎರಡನೇ ವರ್ಷ: ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಾಲ್ಕು ಬಿಂದಿಗೆ.
- ಮೂರನೇ ವರ್ಷ: ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ.
- ಆಮೇಲೆ: ತೀರಾ ಬರಗಾಲ ಬಂದ್ರೆ ಮಾತ್ರ.

ದಿನಾ ಒಂದು ಚೊಂಬು ಹಾಕೋದಕ್ಕಿಂತ ವಾರಕ್ಕೊಮ್ಮೆ ಹೊಟ್ಟೆ ತುಂಬ ಕುಡಿಸೋದು ಮೇಲು. ಸ್ವಲ್ಪ ಸ್ವಲ್ಪ ನೀರು ಹಾಕಿದ್ರೆ ಬೇರು ಮೇಲೆಯೇ ಉಳಿಯುತ್ತೆ. ಆಳಕ್ಕೆ ಹಾಕಿದ್ರೆ ಬೇರು ಕೆಳಗೆ ಇಳಿಯುತ್ತೆ.

ಪಾತಿಗೆ ಹೊದಿಕೆ ಹಾಕಿ. ನಮ್ಮ ಜಿಲ್ಲೆಯಲ್ಲಿ ತೆಂಗಿನ ಸಿಪ್ಪೆಗೆ ಬರ ಇಲ್ಲ. ಸಿಪ್ಪೆಯನ್ನು ಕವುಚಿ ಜೋಡಿಸಿದ್ರೆ ತೇವ ಉಳಿಯುತ್ತೆ, ಕಳೆ ಬರಲ್ಲ. ಕಾಂಡದಿಂದ ಒಂದು ಗೇಣು ಜಾಗ ಬಿಟ್ಟು ಜೋಡಿಸಿ. ಗೊಬ್ಬರ ವರ್ಷಕ್ಕೊಮ್ಮೆ ಮಳೆ ಶುರುವಾದಾಗ ಒಂದು ಬಾಂಡ್ಲಿ ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಬೇಡ. ಬೇಗ ಬೆಳೆಯುತ್ತೆ ನಿಜ, ಆದ್ರೆ ಕೊಂಬೆ ಮೆದುವಾಗಿ ಬರುತ್ತೆ.

ಸವರೋದು: ಇದೇ ಮುಖ್ಯ

ನಮ್ಮನೆ ಮರಕ್ಕೆ ಆದ ಗತಿ ಬೇಡ ಅಂದ್ರೆ ಈ ಭಾಗ ಎರಡು ಸಲ ಓದಿ.

ಮರ ಚಿಕ್ಕದಿದ್ದಾಗ ಒಂದೇ ನಡುಕಾಂಡ ಮೇಲಕ್ಕೆ ಹೋಗಬೇಕು. ಎರಡು ತುದಿ ಜೋಡಿ ಎತ್ತಿನ ಹಾಗೆ ಸಮಸಮ ಬೆಳೀತಾ ಇದ್ರೆ ಒಂದನ್ನು ಆಗಲೇ ಕತ್ತರಿಸಿ. ಹೆಬ್ಬೆರಳು ದಪ್ಪ ಇದ್ದಾಗ ಕತ್ತರಿಯಲ್ಲಿ ಒಂದು ನಿಮಿಷದ ಕೆಲಸ. ಹತ್ತು ವರ್ಷ ಬಿಟ್ರೆ ಅದೇ ಕವಲು ಮಧ್ಯಕ್ಕೆ ಸೀಳಿ ಬೀಳುತ್ತೆ.

- ಸಮಯ: ಎಲೆ ಉದುರಿದ ಮೇಲೆ, ಡಿಸೆಂಬರ್ ಅಥವಾ ಜನವರಿ. ಆಗ ಕೊಂಬೆಗಳ ಆಕಾರ ಸ್ಪಷ್ಟವಾಗಿ ಕಾಣುತ್ತೆ. ಒಣಗಿದ, ಮುರಿದ ಕೊಂಬೆ ಯಾವಾಗ ಬೇಕಾದ್ರೂ ತೆಗೆಯಬಹುದು.
- ಎಷ್ಟು: ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಬೇಡ.
- ಕೆಳಗಿನ ಕೊಂಬೆ: ಒಂದೇ ವರ್ಷ ಎಲ್ಲ ತೆಗೆಯಬೇಡಿ. ವರ್ಷಕ್ಕೆ ಎರಡು ಮೂರು ತೆಗೀತಾ ಆಳೆತ್ತರಕ್ಕೆ ಕಾಂಡ ಖಾಲಿ ಮಾಡಿ.
- ಎಲ್ಲಿ ಕತ್ತರಿಸಬೇಕು: ಕೊಂಬೆ ಕಾಂಡಕ್ಕೆ ಸೇರೋ ಕಡೆ ಉಂಗುರದ ಹಾಗೆ ಉಬ್ಬು ಇರುತ್ತೆ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಕತ್ತರಿಸಿ. ಆ ಉಬ್ಬಿನಿಂದಲೇ ಮರ ಗಾಯ ಮುಚ್ಚಿಕೊಳ್ಳೋದು. ಉದ್ದನೆ ಮೋಟು ಬಿಡಲೂ ಬಾರದು, ಅದು ಕೊಳೆತು ಒಳಗೆ ಹೋಗುತ್ತೆ.
- ದಪ್ಪ ಕೊಂಬೆ: ಮೂರು ಸಲ ಕತ್ತರಿಸಬೇಕು. ಮೊದಲು ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಕೊಂಬೆಯ ಕೆಳಗಿನಿಂದ ಅರ್ಧಕ್ಕೆ ಗರಗಸ ಹಾಕಿ. ಎರಡನೆಯದು ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಉಬ್ಬಿನ ಹತ್ತಿರ ಕತ್ತರಿಸಿ. ಹೀಗೆ ಮಾಡಿದ್ರೆ ಕೊಂಬೆ ಭಾರಕ್ಕೆ ತೊಗಟೆ ಸೀಳಿಕೊಂಡು ಹೋಗಲ್ಲ.
- ಮಚ್ಚು ಬೇಡ, ಗರಗಸ ಬಳಸಿ. ಗಾಯಕ್ಕೆ ಟಾರು, ಬಣ್ಣ, ಸಗಣಿ ಏನೂ ಬಳಿಯಬೇಡಿ.

ಏಣಿ ಹತ್ತಬೇಕಾದ ಕೆಲಸ, ತಂತಿ ಹತ್ತಿರದ ಕೆಲಸ ನೀವೇ ಮಾಡೋಕೆ ಹೋಗಬೇಡಿ. ಲೈನ್ ಆಫ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ.

ಈಗಾಗಲೇ ಬೋಳಿಸಿದ ಮರ ಇದ್ರೆ?

ತಪಸಿ ಗಟ್ಟಿ ಜೀವ. ಬೋಳಿಸಿದ್ರೂ ಚಿಗುರುತ್ತೆ. ತೊಂದರೆ ಏನಂದ್ರೆ, ಆ ಹೊಸ ಚಿಗುರು ಮರದ ತಿರುಳಿನಿಂದ ಬರಲ್ಲ, ತೊಗಟೆಯ ಕೆಳಗಿನಿಂದ ಬರುತ್ತೆ. ಹಿಡಿತ ಕಮ್ಮಿ. ಒಂದೇ ಕಡೆ ಹತ್ತಾರು ಬರೋದ್ರಿಂದ ಒಂದನ್ನೊಂದು ತಳ್ಳುತ್ತವೆ. ಕೆಳಗೆ ಕಡಿದ ಗಾಯ ಕೊಳೀತಾ ಇರುತ್ತೆ. ಅದಕ್ಕೇ ಬೋಳಿಸಿದ ಮರ ಐದಾರು ವರ್ಷದ ಮೇಲೆ ಮೊದಲಿಗಿಂತ ಅಪಾಯ.

ನಾವು ಮಾಡಿದ್ದು ಇಷ್ಟು. ಕೊಟ್ಟಿಗೆ ಕಡೆ, ಗೋಡೆ ಕಡೆ ವಾಲಿದ ಚಿಗುರು ಕೊಂಬೆಗಳನ್ನು ಮೊದಲ ವರ್ಷ ತೆಗೆಸಿದ್ವಿ. ಎರಡನೇ ವರ್ಷ ಗುಂಪಿನಲ್ಲಿ ಬಡಕಲಾಗಿದ್ದವನ್ನು. ಮೂರನೇ ವರ್ಷ, ಅಂದ್ರೆ ಕಳೆದ ಜನವರಿಯಲ್ಲಿ, ಗಟ್ಟಿಯಾದ ಮೂರು ಕೊಂಬೆ ಮಾತ್ರ ಬಿಟ್ಟು ಅವುಗಳ ಉದ್ದ ಕಮ್ಮಿ ಮಾಡಿಸಿದ್ವಿ. ಬಿರುಕು ಬಿಟ್ಟ ಗೋಡೆಯನ್ನು ಆ ಜಾಗದಲ್ಲಿ ಒಡೆದು ತಂತಿ ಬೇಲಿ ಹಾಕಿದ್ವಿ. ಮರದ ಕಾಂಡಕ್ಕೆ ತಟ್ಟಿ ನೋಡಿದಾಗ ಟೊಳ್ಳು ಶಬ್ದ ಬಂದ್ರೆ, ಬುಡದಲ್ಲಿ ಅಣಬೆ ಎದ್ರೆ, ಮರ ಇದ್ದಕ್ಕಿದ್ದಂತೆ ವಾಲಿದ್ರೆ ಮಾತ್ರ ಉಳಿಸೋ ಹಟ ಬೇಡ. ಗೊತ್ತಿದ್ದವರಿಗೆ ತೋರಿಸಿ, ತೆಗೆಸೋದೇ ಸರಿ.

ಉಬ್ಬಸ, ಅಲರ್ಜಿ ಇದ್ದವರು ಗಮನಿಸಿ

ತಪಸಿ ಹೂವಿನ ಪರಾಗ ಗಾಳಿಯಲ್ಲಿ ಹರಡುತ್ತೆ. ದೆಹಲಿ ಸೇರಿ ಉತ್ತರ ಭಾರತದ ಊರುಗಳಲ್ಲಿ ಉಸಿರಾಟದ ಅಲರ್ಜಿ ತರೋ ಮುಖ್ಯ ಪರಾಗಗಳಲ್ಲಿ ಇದೂ ಒಂದು ಅಂತ ಗುರುತಿಸಿದ್ದಾರೆ. ಮನೆಯಲ್ಲಿ ಆಸ್ತಮಾ ಇದ್ದವರು, ಚಳಿಗಾಲದ ಕೊನೆಯಲ್ಲಿ ವಿಪರೀತ ಸೀನು ಬರುವವರು ಇದ್ರೆ ಮಲಗೋ ಕೋಣೆ ಕಿಟಕಿ ಹತ್ತಿರ ನೆಡಬೇಡಿ, ಹೊಲದ ಬದುವಿಗೆ ನೆಡಿ. ಈಗಾಗಲೇ ಮರ ಇದ್ರೆ ಹೂ ಬಿಡೋ ಕೆಲವು ವಾರ ಬೆಳಗ್ಗೆ ಆ ಕಡೆ ಕಿಟಕಿ ಮುಚ್ಚಿ, ಆ ಕಡೆ ಬಟ್ಟೆ ಒಣಹಾಕಬೇಡಿ.

ಹಾಗಂತ ಸೀನು ಬಂತು ಅಂತ ಮರ ಕಡಿಯೋಕೆ ಹೊರಡಬೇಡಿ. ಧೂಳು, ಕಾಂಗ್ರೆಸ್ ಗಿಡ, ಅಡುಗೆ ಹೊಗೆ, ಯಾವುದರಿಂದ ಬೇಕಾದ್ರೂ ಬರಬಹುದು. ಯಾವುದು ಅಂತ ತಿಳಿಯೋಕೆ ವೈದ್ಯರ ಹತ್ತಿರ ಅಲರ್ಜಿ ಪರೀಕ್ಷೆ ಇದೆ. ಹಾಗೇ, ಇದರ ತೊಗಟೆ, ಎಲೆಯನ್ನು ನಾಟಿ ಔಷಧಿಗೆ ಬಳಸುತ್ತಾರೆ ಅಂತ ಕೇಳಿ ಮನೆಯಲ್ಲಿ ಕಷಾಯ ಮಾಡಿ ಕುಡಿಯೋದು ಬೇಡ.

ರೋಗ, ಕೀಟ

ಎಳೆ ಸಸಿಗೆ ಮೊದಲ ಶತ್ರು ಗೆದ್ದಲು. ಕಾಂಡದ ಮೇಲೆ ಮಣ್ಣಿನ ಗೆರೆ ಕಂಡ್ರೆ ಕೆರೆದು ತೆಗೆಯಿರಿ, ಬುಡದಲ್ಲಿ ಒಣ ಕಸ ಕೂಡಿಡಬೇಡಿ, ಬೇವಿನ ಹಿಂಡಿ ಎರಡು ಹಿಡಿ ಮಣ್ಣಿಗೆ ಬೆರೆಸಿ. ಮಳೆಗಾಲದಲ್ಲಿ ಎಲೆ ತಿನ್ನೋ ಹುಳ ಬರುತ್ತೆ. ದೊಡ್ಡ ಮರಕ್ಕೆ ಏನೂ ಆಗಲ್ಲ, ಮತ್ತೆ ಚಿಗುರುತ್ತೆ. ಸಸಿಯಲ್ಲಿ ಕೈಯಿಂದ ಆರಿಸಿ ತೆಗೆಯಿರಿ. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದ್ರೆ ಗಾಬರಿ ಬೇಡ, ಅದು ರೋಗ ಅಲ್ಲ, ಮರದ ಸ್ವಭಾವ.

ಎಲ್ಮ್ ಅಂತ ಹುಡುಕಿದ್ರೆ ‘ಡಚ್ ಎಲ್ಮ್ ರೋಗ’ ಅನ್ನೋದು ಕಾಣುತ್ತೆ. ಅದರ ಕಥೆ ತಿಳಿದಿರಬೇಕು. ತೊಗಟೆ ಕೊರೆಯೋ ಒಂದು ಪುಟ್ಟ ದುಂಬಿ ಶಿಲೀಂಧ್ರವನ್ನು ಮರದಿಂದ ಮರಕ್ಕೆ ಹೊತ್ತು ಹೋಗುತ್ತೆ. ಮರ ನೀರು ಸಾಗಿಸೋ ನಾಳ ಕಟ್ಟಿಕೊಂಡು ಒಣಗುತ್ತೆ. ಹಾಲೆಂಡಿನ ವಿಜ್ಞಾನಿಗಳು 1920ರ ದಶಕದಲ್ಲಿ ಇದರ ಕಾರಣ ಕಂಡುಹಿಡಿದಿದ್ದಕ್ಕೆ ಆ ಹೆಸರು ಬಂತು. 1960ರ ದಶಕದ ಕೊನೆಯಲ್ಲಿ ಕೆನಡಾದಿಂದ ಬಂದ ಎಲ್ಮ್ ದಿಮ್ಮಿಗಳ ಜೊತೆ ಇನ್ನೂ ಉಗ್ರವಾದ ತಳಿ ಬ್ರಿಟನ್‌ಗೆ ಹೊಕ್ಕು ಕೋಟ್ಯಂತರ ಮರ ಸತ್ತವು. ರೋಗ ತಡೆಯೋ ಹೊಸ ಎಲ್ಮ್ ಮಾಡೋಕೆ ಹಾಲೆಂಡಿನವರು ತಂದಿದ್ದು ನಮ್ಮ ಹಿಮಾಲಯದ ಎಲ್ಮ್ ತಳಿಯನ್ನ.

ನಮಗೆ ಇದರಲ್ಲಿ ಎರಡು ಪಾಠ. ಒಂದು, ಒಂದೇ ಜಾತಿಯ ಮರವನ್ನು ಊರ ತುಂಬ ಸಾಲಾಗಿ ನೆಡಬಾರದು. ಎರಡು, ವಿದೇಶದಿಂದ ಗಿಡ, ಕಡ್ಡಿ ಬ್ಯಾಗಲ್ಲಿ ಹಾಕಿಕೊಂಡು ತರಬಾರದು. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹಾಗೆ ತರೋಕೆ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಜಾಗ ಇಲ್ಲದವರಿಗೆ: ಕುಂಡದಲ್ಲಿ ಚೈನೀಸ್ ಎಲ್ಮ್

ಅಲ್ಮಸ್ ಪಾರ್ವಿಫೋಲಿಯಾ ಅನ್ನೋ ಈ ಮರ ಚೀನಾ, ಜಪಾನ್, ಕೊರಿಯಾ ಕಡೆಯದು. ನೆಲದಲ್ಲಿ ಬಿಟ್ರೆ 40 ಅಡಿ ಮೇಲೆ ಹೋಗಬಲ್ಲದು, ಕುಂಡದಲ್ಲಿ ಒಂದು ಅಡಿಗೂ ನಿಲ್ಲಿಸಬಹುದು. ಎಲೆ ಹೆಬ್ಬೆರಳಿನಷ್ಟು, ಅಂಚಿಗೆ ಗರಗಸದ ಹಲ್ಲು. ವಯಸ್ಸಾದಂತೆ ತೊಗಟೆ ಬಿಲ್ಲೆ ಬಿಲ್ಲೆಯಾಗಿ ಉದುರಿ ಕೆಳಗೆ ಕಿತ್ತಳೆ, ಕಂದು ಬಣ್ಣ ಕಾಣುತ್ತೆ. ಡಚ್ ಎಲ್ಮ್ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತೆ.

ಕೊಳ್ಳುವಾಗ ಎಚ್ಚರ. ಫುಕಿಯನ್ ಟೀ ಗಿಡವನ್ನೂ ಬೋನ್ಸಾಯ್ ಮಾಡಿರುತ್ತಾರೆ. ಅದರ ಎಲೆ ಕಡು ಹಸಿರು, ಹೊಳಪು, ಪುಟ್ಟ ಬಿಳಿ ಹೂ ಬಿಡುತ್ತೆ. ಗರಗಸದ ಅಂಚು ನೋಡಿ ಎಲ್ಮ್ ಖಚಿತ ಮಾಡಿಕೊಳ್ಳಿ.

- ಮಣ್ಣು: ಕೆಂಪು ಮಣ್ಣು, ದಪ್ಪ ಮರಳು, ಎರೆಗೊಬ್ಬರ ಸಮ ಪಾಲು. ಕುಂಡದ ತಳದಲ್ಲಿ ತೂತು ಇರಲೇಬೇಕು.
- ಬಿಸಿಲು: ಬೆಳಗಿನ ನಾಲ್ಕೈದು ಗಂಟೆ ಬಿಸಿಲು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳು. ಇದು ಹೊರಗಿನ ಗಿಡ, ಟಿವಿ ಪಕ್ಕ ಇಟ್ರೆ ಎಲೆ ಉದುರಿ ಸಾಯುತ್ತೆ.
- ನೀರು: ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ರೆ ಮಾತ್ರ ತಳದಿಂದ ಸುರಿಯೋವರೆಗೆ ಹಾಕಿ. ಬೇಸಿಗೆಯಲ್ಲಿ ದಿನಾ ಬೇಕಾಗುತ್ತೆ, ಮಳೆಗಾಲದಲ್ಲಿ ಬೇಕಾಗಲ್ಲ. ತಟ್ಟೆಯಲ್ಲಿ ನೀರು ನಿಲ್ಲಿಸಿದ್ರೆ ಬೇರು ಕೊಳೆಯುತ್ತೆ.
- ಗೊಬ್ಬರ: ಕಡಲೆಕಾಯಿ ಹಿಂಡಿ ನೆನೆಸಿ, ತಿಳಿ ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ.
- ಆಕಾರ: ಚಿಗುರಿಗೆ ಆರೇಳು ಎಲೆ ಬಂದಾಗ ಎರಡು ಮೂರು ಎಲೆ ಬಿಟ್ಟು ಚಿವುಟಿ. ತಂತಿ ಸುತ್ತಿದ್ರೆ ವಾರಕ್ಕೊಮ್ಮೆ ನೋಡಿ, ತೊಗಟೆಗೆ ಕೊರೆಯೋ ಮುಂಚೆ ಬಿಚ್ಚಿ.
- ಕುಂಡ ಬದಲಿಸೋದು: ಎರಡು ವರ್ಷಕ್ಕೊಮ್ಮೆ, ಚಳಿ ಮುಗಿಯೋ ಹೊತ್ತಿಗೆ. ಮೂರನೇ ಒಂದು ಭಾಗ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ.
- ಕೀಟ: ಬೇಸಿಗೆಯಲ್ಲಿ ಎಲೆ ಕೆಳಗೆ ಸಣ್ಣ ಬಲೆ ಕಂಡ್ರೆ ಅದು ನುಸಿ. ಎಲೆಯ ಕೆಳಭಾಗಕ್ಕೆ ನೀರು ರಭಸವಾಗಿ ಹೊಡೆಯಿರಿ. ಹೋಗದಿದ್ರೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಸ್ವಲ್ಪ ಸೋಪ್ ನೀರು ಬೆರೆಸಿ ಸಂಜೆ ಸಿಂಪಡಿಸಿ.

ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ನೆಟ್ಟು ನೆರಳಲ್ಲಿ ಇಟ್ರೆ ಹೊಸ ಗಿಡ ಮಾಡಬಹುದು. ಎಲ್ಲ ಕಡ್ಡಿ ಹಿಡಿಯಲ್ಲ, ಹತ್ತು ನೆಡಿ.

ಕಡಿಯೋ ಮುಂಚೆ ಅನುಮತಿ

ನಮ್ಮ ಜಾಗ, ನಮ್ಮ ಮರ ಅಂತ ಕೊಡಲಿ ಹಾಕೋಕೆ ಆಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷ ಅಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರಕ್ಕೆ ಏನು ನಿಯಮ ಅಂತ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿ. ಫೋಟೋ ತೆಗೆದುಕೊಂಡು ಹೋದ್ರೆ ಕೆಲಸ ಸುಲಭ.

ತಿಂಗಳ ಲೆಕ್ಕ: ಒಂದೇ ನೋಟದಲ್ಲಿ

- ಡಿಸೆಂಬರ್, ಜನವರಿ: ಎಲೆ ಉದುರುತ್ತೆ. ಸವರೋ ಸಮಯ.
- ಜನವರಿ, ಫೆಬ್ರವರಿ: ತಪಸಿ ಹೂವು. ಅಲರ್ಜಿ ಇದ್ದವರು ಎಚ್ಚರ. ಕುಂಡದ ಎಲ್ಮ್ ಮಣ್ಣು ಬದಲಿಸಿ.
- ಮಾರ್ಚ್: ಮರದ ತುಂಬ ಕಾಯಿ. ಸಸಿಗಳಿಗೆ ನೀರು ತಪ್ಪಿಸಬೇಡಿ.
- ಏಪ್ರಿಲ್, ಮೇ: ಬೀಜ ಆರಿಸಿ ಬಿತ್ತಿ. ಗುಂಡಿ ತೋಡಿ. ಗಾಳಿಮಳೆಗೆ ಮುಂಚೆ ಒಣ ಕೊಂಬೆ ತೆಗೆಯಿರಿ.
- ಜೂನ್, ಜುಲೈ: ಸಸಿ ನೆಡಿ, ಗೊಬ್ಬರ ಕೊಡಿ, ಬೇಲಿ ಕಟ್ಟಿ.
- ಆಗಸ್ಟ್‌ನಿಂದ ನವೆಂಬರ್: ಕಳೆ ತೆಗೆದು, ಮಳೆ ನಿಂತ ಕೂಡಲೇ ಹೊದಿಕೆ ಹಾಕಿ.

ಈ ವರ್ಷ ಮಾರ್ಚ್‌ನಲ್ಲಿ ನಮ್ಮ ಮರದ ಉಳಿದ ಮೂರು ಕೊಂಬೆಯಲ್ಲೂ ಕಾಯಿ ಬಿಟ್ಟಿತ್ತು. ಅಮ್ಮ ಮೇ ತಿಂಗಳಲ್ಲಿ ಸೆರಗಿನ ತುಂಬ ಬೀಜ ಆರಿಸಿ ಟ್ರೇಯಲ್ಲಿ ಹಾಕಿದ್ರು. ಈಗ ಹದಿನಾಲ್ಕು ಸಸಿ ಎದ್ದಿವೆ. ಮುಂದಿನ ಮುಂಗಾರಿಗೆ ನೆಡಬೇಕು. ಈ ಸಲ ಅಪ್ಪ ಹೊಲದ ಬದುವಿನಲ್ಲಿ ಆಗಲೇ ಗೂಟ ಹೊಡೆದು ಜಾಗ ಗುರುತು ಮಾಡಿದ್ದಾರೆ. ಗೂಟದಿಂದ ಗೂಟಕ್ಕೆ 30 ಅಡಿ, ನಾನೇ ಟೇಪ್ ಹಿಡಿದಿದ್ದು.